ವೀರ್ಯ ಪರೀಕ್ಷೆಗೆ ಮಾದರಿ ಕೊಡುವುದು ಹೇಗೆ?

ಮದುವೆಯಾಗಿ ವರ್ಷ ಕಳೆದರೂ ಮಗುವಾಗದಿದ್ದರೆ ನಮ್ಮಲ್ಲಿ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಹೆಂಡತಿ. ಸ್ಕ್ಯಾನಿಂಗ್, ಹಾರ್ಮೋನ್ ಪರೀಕ್ಷೆ, ಹರಕೆ ಎಲ್ಲ ಮುಗಿದ ಮೇಲೆ ಗಂಡನ ಸರದಿ. ಇದು ತಲೆಕೆಳಗಾದ ಕ್ರಮ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ, ಖರ್ಚೂ ಕಡಿಮೆ. ಆದರೆ ಮಾದರಿ ಕೊಡುವಲ್ಲಿ ಎಡವಿದರೆ ವರದಿ ದಾರಿ ತಪ್ಪಿಸುತ್ತದೆ.

ದಿನ ಗೊತ್ತುಮಾಡಿಕೊಳ್ಳಿ

ಹಿಂದಿನ ಸ್ಖಲನಕ್ಕೂ ಪರೀಕ್ಷೆಗೂ ನಡುವೆ ಕನಿಷ್ಠ 2, ಗರಿಷ್ಠ 7 ದಿನಗಳ ಅಂತರವಿರಲಿ. ತಿಂಗಳುಗಟ್ಟಲೆ ತಡೆದರೆ ಫಲಿತಾಂಶ ಚೆನ್ನಾಗಿ ಬರುತ್ತದೆಂಬ ನಂಬಿಕೆ ಸುಳ್ಳು; ವೀರ್ಯಾಣುಗಳ ಸಂಖ್ಯೆ ಹೆಚ್ಚಬಹುದು, ಚಲನೆ ಕುಗ್ಗುತ್ತದೆ.

ಇತ್ತೀಚೆಗೆ ಜೋರು ಜ್ವರ ಬಂದಿತ್ತೇ? ವೈದ್ಯರಿಗೆ ಹೇಳಿ. ವೃಷಣಗಳು ಹೊಟ್ಟೆಯೊಳಗಿರದೆ ಚೀಲದಲ್ಲಿ ಹೊರಗೆ ತೂಗುವುದೇ ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪಾಗಿರಲೆಂದು. ಅಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆಮೇಲೆ ಅದು ವೃಷಣದ ಹಿಂಬದಿಗೆ ಅಂಟಿಕೊಂಡ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಸಾಗುತ್ತ ಈಜುವ ಶಕ್ತಿ ಪಡೆಯುತ್ತದೆ. ಬಿಚ್ಚಿ ಎಳೆದರೆ ಈ ನಾಳ ಸುಮಾರು 6 ಮೀಟರ್ ಉದ್ದ! ಹಾಗಾಗಿ ಇಂದಿನ ಮಾದರಿ ಹೇಳುವುದು ಎರಡು ಮೂರು ತಿಂಗಳ ಹಿಂದಿನ ಕಥೆ. ಜಿಮ್‌ನಲ್ಲಿ ಯಾರದೋ ಮಾತು ಕೇಳಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡಿದ್ದರೆ ಅದನ್ನಂತೂ ಮುಚ್ಚಿಡಬೇಡಿ. ಹೊರಗಿನಿಂದ ಬಂದ ಹಾರ್ಮೋನ್ ಮೈ ಬೆಳೆಸಬಹುದು, ವೀರ್ಯಾಣು ಉತ್ಪಾದನೆಯನ್ನು ನಿಲ್ಲಿಸಿಯೇ ಬಿಡಬಹುದು.

ಸಂಗ್ರಹಿಸುವಾಗ

ಮೂತ್ರ ವಿಸರ್ಜಿಸಿ, ಕೈ ಮತ್ತು ಶಿಶ್ನವನ್ನು ತೊಳೆದು ಒರೆಸಿಕೊಳ್ಳಿ. ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಸ್ತಮೈಥುನದಿಂದ ಸಂಗ್ರಹಿಸಿ. ಎಣ್ಣೆ, ಸಾಬೂನು, ಎಂಜಲು ಸೋಕಬಾರದು. ಸಾಮಾನ್ಯ ಕಾಂಡೋಮ್ ಸಲ್ಲದು.

ಮೊದಲ ಹನಿಗಳನ್ನು ಚೆಲ್ಲಬೇಡಿ. ವೀರ್ಯನಾಳದಿಂದ ಬಂದ ವೀರ್ಯಾಣುಗಳು ಪ್ರಾಸ್ಟೇಟ್ ಗ್ರಂಥಿಯ ದ್ರವದೊಡನೆ ಮೊದಲ ಪಾಲಿನಲ್ಲೇ ಹೆಚ್ಚಾಗಿ ಹೊರಬೀಳುತ್ತವೆ. ಬಳಿಕ ಬರುವುದು ಬಹುಪಾಲು ವೀರ್ಯಕೋಶಗಳೆಂಬ, ಮೂತ್ರಕೋಶದ ಹಿಂದಿರುವ ಎರಡು ಗ್ರಂಥಿಗಳ ದ್ರವ. ಚೆಲ್ಲಿದ್ದರೆ ಸಂಕೋಚಪಡದೆ ಸಿಬ್ಬಂದಿಗೆ ತಿಳಿಸಿ. ಅಂದಹಾಗೆ, ಒಟ್ಟು ವೀರ್ಯದಲ್ಲಿ ಸುಮಾರು ಮೂರನೇ ಎರಡು ಭಾಗ ಈ ಗ್ರಂಥಿಗಳ ದ್ರವವೇ. ಕಣ್ಣಿಗೆ ಕಾಣುವ ಪ್ರಮಾಣ ನೋಡಿ ಸಂಖ್ಯೆ ಅಳೆಯಲಾಗದು. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರವೂ ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಲ್ಯಾಬ್‌ನ ಕೋಣೆಯಲ್ಲೇ ಕೊಡುವುದು ಉತ್ತಮ. ಮನೆಯಿಂದ ತರುವುದಾದರೆ ಗಂಟೆಯೊಳಗೆ ತಲುಪಿಸಿ. ಡಬ್ಬಿ ಅಂಗಿಯ ಒಳಜೇಬಿನಲ್ಲಿರಲಿ. ಫ್ರಿಜ್ಜಿಗೂ ಬೇಡ, ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಗೂ ಬೇಡ.

ವರದಿ ಕೈಗೆ ಬಂದಾಗ

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿ ಹೀಗಿದೆ: ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಚಲನೆ ಶೇ 42, ಸಹಜ ಆಕಾರ ಶೇ 4. ಕೊನೆಯ ಅಂಕಿ ಕಂಡು ಗಾಬರಿಯಾಗುವವರೇ ಹೆಚ್ಚು. ನೂರರಲ್ಲಿ ನಾಲ್ಕೇ ಸಹಜವಾಗಿದ್ದರೂ ತಂದೆಯಾದವರಿದ್ದಾರೆ. ಈ ಮಿತಿಗಳನ್ನು ಲೆಕ್ಕ ಹಾಕಿದ್ದೇ ಒಂದು ವರ್ಷದೊಳಗೆ ತಂದೆಯಾಗುವ ಹಾದಿ ಹಿಡಿದ ಗಂಡಸರ ಮಾದರಿಗಳಿಂದ.

ಅಂಕಿಗಳು ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಒಂದೇ ಮಾದರಿ ನಂಬಿ ತೀರ್ಮಾನಕ್ಕೆ ಬರುವಂತಿಲ್ಲ. ಎರಡೂ ವರದಿ ಹಿಡಿದು ಯೂರಾಲಜಿಸ್ಟ್ ಬಳಿ ಹೋಗಿ. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಗುಪ್ತರೋಗ’ದ ಫಲಕ ಹಾಕಿದವರ ಬಳಿಗಲ್ಲ. ವೀರ್ಯಾಣು ಸೊನ್ನೆ ಎಂದಿದ್ದರೂ ಉತ್ಪಾದನೆಯೇ ಇಲ್ಲವೋ ನಾಳ ಮುಚ್ಚಿದೆಯೋ ಎಂಬುದನ್ನು ರಕ್ತದ ಹಾರ್ಮೋನ್ ಪರೀಕ್ಷೆ ಮತ್ತು ವೃಷಣದ ತಪಾಸಣೆಯಿಂದ ಅವರು ಪತ್ತೆಹಚ್ಚುತ್ತಾರೆ.