ತೊಟ್ಟಿಕ್ಕದ ಟೀಪಾಟು: ನನ್ನ ಅನುಭವ

ಟೀಪಾಟಿನಲ್ಲಿ ಕಷ್ಟದ ಭಾಗ ಯಾವುದು ಅಂತ ಕೇಳಿದರೆ ನಾನು ಮೂತಿಯನ್ನೇ ತೋರಿಸುತ್ತೇನೆ. ಬಗ್ಗಿಸಿದಾಗ ಟೀ ಚೆನ್ನಾಗಿಯೇ ಬೀಳುತ್ತದೆ. ನಿಲ್ಲಿಸುವ ಹೊತ್ತಿಗೆ ಕೊನೆಯ ಹನಿ ಮಾತ್ರ ಮೂತಿಯ ಅಡಿಗೆ ಅಂಟಿಕೊಂಡು ಪಾಟಿನ ಹೊಟ್ಟೆಯ ಮೇಲೆ ಇಳಿಯುತ್ತದೆ. ನಾನು ಮಣ್ಣಿನಲ್ಲಿ ಮಾಡುವ ಪಾಟುಗಳೂ ಬಹಳ ಕಾಲ ಹೀಗೇ ತೊಟ್ಟಿಕ್ಕುತ್ತಿದ್ದವು.

ಮೂತಿಯನ್ನು ಉದ್ದ ಮಾಡಿ ನೋಡಿದೆ, ಗಿಡ್ಡ ಮಾಡಿ ನೋಡಿದೆ, ಬಾಗಿಸಿಯೂ ನೋಡಿದೆ. ಒಮ್ಮೆ ಹಸಿ ಮೂತಿಯ ಅಂಚನ್ನು ಒದ್ದೆ ಸ್ಪಂಜಿನಿಂದ ನುಣುಪು ಮಾಡುತ್ತಿದ್ದೆ. ಬೆರಳು ಆ ದುಂಡನೆಯ ಅಂಚನ್ನು ಸಲೀಸಾಗಿ ದಾಟಿ ಕೆಳಗೆ ಜಾರಿತು. ಆಗ ಹೊಳೆಯಿತು. ಬೆರಳೇ ಹೀಗೆ ಜಾರಿದರೆ ಟೀ ಸುಮ್ನೆ ಇರುತ್ತದಾ? ಅಂಚು ಚೂಪಾಗಿದ್ದರೆ ಹನಿ ಅಲ್ಲೇ ಕಡಿದು ಬೀಳುತ್ತದೆ ಅಲ್ವಾ! ಇದೇ ಮಾತನ್ನು ಮೊದಲ ದಿನ ಯಾರಾದರೂ ಹೇಳಿದ್ದರೆ ತಲೆಯಾಡಿಸಿ ಮರೆತುಬಿಡುತ್ತಿದ್ದೆ.

ಹೊಳೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಚೂಪಾಗಿ ಕತ್ತರಿಸಿದ ಅಂಚು ಆವಿಗೆಯಿಂದ ಹೊರಬಂದಾಗ ಮತ್ತೆ ದುಂಡಗಾಗಿತ್ತು. ಗ್ಲೇಝ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಕರಗಿ ಅದರ ಮೇಲೆ ದಪ್ಪಗೆ ಕೂತಿತ್ತು. ಈಗ ಸುಡುವ ಮೊದಲೇ ತುದಿಯ ಗ್ಲೇಝನ್ನು ಒರೆಸಿ ತೆಳ್ಳಗೆ ಮಾಡುತ್ತೇನೆ.

ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ ಗಾಡಿ ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲೇ ಅವರಿಗೆ ಒಂದು ಗಣಿತದ ಸಮಸ್ಯೆಯ ಉತ್ತರ ಹೊಳೆಯಿತು ಅನ್ನುವ ಕಥೆಯನ್ನು ಜನ ಬಹಳ ಖುಷಿಯಿಂದ ಹೇಳುತ್ತಾರೆ. ಅದಕ್ಕೂ ಮೊದಲು ಹದಿನೈದು ದಿನ ಮೇಜಿನ ಮುಂದೆ ಕೂತು ಒದ್ದಾಡಿದ್ದನ್ನು, ಮನೆಗೆ ಮರಳಿ ಆ ಉತ್ತರವನ್ನು ಪರೀಕ್ಷಿಸಿದ್ದನ್ನು ಕೂಡ ಪ್ವಾಂಕರೆಯವರೇ ಬರೆದಿದ್ದಾರೆ. ಆ ಭಾಗ ಮಾತ್ರ ಯಾರಿಗೂ ಬೇಡ.

ನನಗೆ ಇನ್ನೂ ಪೂರ್ತಿ ಕೈಹತ್ತದೇ ಇರುವುದು ಮೂತಿಯ ತಿರುಚು. ತಿಗರಿಯ ಮೇಲೆ ಎತ್ತಿದ ಮೂತಿ ಸುಡುವಾಗ ಸ್ವಲ್ಪ ತಿರುಚಿಕೊಳ್ಳುತ್ತದೆ. ಎತ್ತುವಾಗ ಮಣ್ಣಿಗೆ ಬಿದ್ದ ಸುತ್ತು ಬೆಂಕಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ತುದಿಯನ್ನು ಬೇಕಂತಲೇ ಓರೆಯಾಗಿ ಕತ್ತರಿಸಬೇಕು. ಸುಟ್ಟ ಮೇಲೆ ಅದು ನೇರಕ್ಕೆ ಬರುತ್ತದೆ. ಎಷ್ಟು ಓರೆ ಅಂತ ಮಾತ್ರ ಕೇಳಬೇಡಿ. ಮಣ್ಣು ಬದಲಾದರೆ ಅದೂ ಬದಲು, ಎತ್ತುವ ಕೈ ಬದಲಾದರೂ ಬದಲು. ಗೆಳೆಯರೊಬ್ಬರು ಹಟ ಹಿಡಿದು ನನ್ನ ಅಳತೆಯನ್ನೇ ಬರೆದುಕೊಂಡು ಹೋದರು. ಅವರ ಟೀಪಾಟಿನ ಮೂತಿ ಇನ್ನೊಂದು ಕಡೆಗೆ ವಾಲಿದೆ.