ಅಲಾಸ್ಕಾದ ಉತ್ತರ ಭಾಗಕ್ಕೆ ಗೈಡ್ ಜೊತೆ ಹೊರಟಿದ್ದೀರಾ? ಹೋಗೋ ಮುಂಚೆ ಇಷ್ಟು ತಿಳಿದಿರಲಿ

ಗೇಟ್ಸ್ ಆಫ್ ದಿ ಆರ್ಕ್ಟಿಕ್ ರಾಷ್ಟ್ರೀಯ ಉದ್ಯಾನಕ್ಕೆ ರಸ್ತೆ ಇಲ್ಲ. ಒಳಗೆ ನಡೆಯೋಕೆ ಮಾಡಿಟ್ಟ ಕಾಲುದಾರಿಯೂ ಇಲ್ಲ. ಆರ್ಕ್ಟಿಕ್ ವೃತ್ತದ ಆಚೆ, ಬ್ರೂಕ್ಸ್ ಬೆಟ್ಟಸಾಲಿನ ಉದ್ದಕ್ಕೂ ಹರಡಿರುವ ಸುಮಾರು 34,000 ಚದರ ಕಿಲೋಮೀಟರ್ ಜಾಗ ಅದು, ಅಂದರೆ ಇಡೀ ಕರ್ನಾಟಕದ ಆರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಕುದುರೆಮುಖ, ಕುಮಾರಪರ್ವತ ಹತ್ತಿದ ಅನುಭವ ಇದ್ದರೆ ಒಳ್ಳೆಯದೇ. ಆದರೆ ಅಲ್ಲಿ ಕಾಲಿಗೆ ಒಂದು ದಾರಿ ಇರುತ್ತದೆ, ಇಲ್ಲಿ ಇರುವುದಿಲ್ಲ. ಈ ಒಂದು ವ್ಯತ್ಯಾಸದಿಂದ ಬಾಕಿ ಎಲ್ಲವೂ ಬದಲಾಗುತ್ತದೆ.

ಹೋಗುವ ಬಗೆ ಹೀಗೆ. ಮೊದಲು ಫೇರ್‌ಬ್ಯಾಂಕ್ಸ್ ತಲುಪಬೇಕು. ಅಲ್ಲಿಂದ ಸಣ್ಣ ವಿಮಾನದಲ್ಲಿ ಬೆಟಲ್ಸ್ ಎಂಬ ಪುಟ್ಟ ಊರಿಗೆ, ಇಲ್ಲವೇ ಡಾಲ್ಟನ್ ಹೆದ್ದಾರಿಯ ಜಲ್ಲಿ ರಸ್ತೆಯಲ್ಲಿ ಕೋಲ್ಡ್‌ಫುಟ್‌ಗೆ. ಆಮೇಲೆ ಇನ್ನೂ ಚಿಕ್ಕ ವಿಮಾನ. ಅದು ಕೆರೆಯ ಮೇಲೋ, ಹೊಳೆಯ ಮಧ್ಯದ ಜಲ್ಲಿದಿಬ್ಬದ ಮೇಲೋ ನಿಮ್ಮನ್ನು ಇಳಿಸಿ ಹೊರಟುಬಿಡುತ್ತದೆ. ಆ ಸದ್ದು ಬೆಟ್ಟದ ಹಿಂದೆ ಕರಗಿ ಹೋದ ಮೇಲೆ ಬರುವ ಮೌನ ಇದೆಯಲ್ಲ, ಅದಕ್ಕೆ ಯಾರೂ ಮೊದಲೇ ತಯಾರಾಗಿ ಬಂದಿರುವುದಿಲ್ಲ. ನನ್ನ ಗುಂಪಿನಲ್ಲಿ ಐದು ಜನ ಇದ್ದೆವು. ಸುಮಾರು ಹೊತ್ತು ಯಾರೂ ಬ್ಯಾಗ್ ಮುಟ್ಟಲಿಲ್ಲ, ಮಾತೂ ಆಡಲಿಲ್ಲ.

ಇಲ್ಲಿ ಗಡಿಯಾರ ನೋಡಿ ಕೆಲಸ ಆಗುವುದಿಲ್ಲ. ಮೋಡ ಕಣಿವೆಗೆ ಇಳಿದರೆ ಪೈಲಟ್ ಹಾರುವುದಿಲ್ಲ, ಹಾರಲೂಬಾರದು. ಆದ್ದರಿಂದ ವಾಪಸ್ ಟಿಕೆಟ್ ತೆಗೆದುಕೊಳ್ಳುವಾಗ ಪ್ರವಾಸ ಮುಗಿಯುವ ದಿನಕ್ಕೂ ಫೇರ್‌ಬ್ಯಾಂಕ್ಸ್ ಬಿಡುವ ದಿನಕ್ಕೂ ನಡುವೆ ಕನಿಷ್ಠ ಎರಡು ದಿನ ಖಾಲಿ ಬಿಡಿ. ಬೆಂಗಳೂರಿನಿಂದ ಬರುವವರು ರಜೆ ಕಡಿಮೆ ಅಂತ ಇದನ್ನೇ ಮೊದಲು ಕತ್ತರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ವಿಮಾನದಲ್ಲಿ ತೂಕಕ್ಕೆ ಮಿತಿ ಇರುತ್ತದೆ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಬರೆದು ಕೊಟ್ಟ ಲೆಕ್ಕ ಕೇಳಿ ತೆಗೆದುಕೊಳ್ಳಿ. ಗಟ್ಟಿ ಸೂಟ್‌ಕೇಸ್ ಬೇಡವೇ ಬೇಡ, ಮೆತ್ತಗಿನ ಬ್ಯಾಗ್ ಆದರೆ ಸಂದಿಯಲ್ಲಿ ತುರುಕಬಹುದು. ಸ್ಟೌವ್‌ನ ಗ್ಯಾಸ್ ಡಬ್ಬಿ, ಕರಡಿ ಸ್ಪ್ರೇ (ಕರಡಿ ಮೈಮೇಲೆ ಬಂದರೆ ಹೊಡೆಯುವ ಖಾರದ ಸ್ಪ್ರೇ) ಇವನ್ನು ದೊಡ್ಡ ವಿಮಾನದಲ್ಲಿ ಲಗೇಜಿಗೂ ಹಾಕುವ ಹಾಗಿಲ್ಲ. ಫೇರ್‌ಬ್ಯಾಂಕ್ಸ್‌ನಲ್ಲೇ ಕೊಳ್ಳಬೇಕು, ಅಥವಾ ಗೈಡ್ ಕೊಡುತ್ತಾರೆ. ಚಿಕ್ಕ ವಿಮಾನದಲ್ಲೂ ಸ್ಪ್ರೇ ನಿಮ್ಮ ಕೈಯಲ್ಲಿ ಇರಬಾರದು. ಒಳಗೆ ಒಡೆದರೆ ಪೈಲಟ್‌ಗೆ ಕಣ್ಣು ಬಿಡಲಾಗುವುದಿಲ್ಲ. ನೀರಿನ ಮೇಲೆ ಇಳಿಯುವ ವಿಮಾನವಾದರೆ ಅದರ ಅಡಿಯಲ್ಲಿರುವ ತೇಲುಗಾಲಿನ (ಫ್ಲೋಟ್) ಒಳಗೆ ಇಡುತ್ತಾರೆ. ಹತ್ತುವ ಮುಂಚೆ ನೀವೇ ಮರೆಯದೆ ಹೇಳಿ.

ಈಗ ನಡಿಗೆ. ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿದ ಮಣ್ಣು ಇರುವುದರಿಂದ ಕರಗಿದ ನೀರು ಕೆಳಗೆ ಇಂಗುವುದಿಲ್ಲ, ಮೇಲೇ ನಿಲ್ಲುತ್ತದೆ. ಆ ಜೌಗಿನಲ್ಲಿ ಹುಲ್ಲು ಗುಪ್ಪೆ ಗುಪ್ಪೆಯಾಗಿ ಬೆಳೆಯುತ್ತದೆ. ಟಸಕ್ ಅಂತಾರೆ ಅದಕ್ಕೆ. ಗುಪ್ಪೆ ಮೊಣಕಾಲುದ್ದ ಇರಬಹುದು. ಮೇಲೆ ಕಾಲಿಟ್ಟರೆ ತಲೆ ಅಲ್ಲಾಡಿಸಿದ ಹಾಗೆ ವಾಲುತ್ತದೆ, ಪಕ್ಕಕ್ಕೆ ಇಟ್ಟರೆ ನೀರಲ್ಲಿ ಹೂತುಹೋಗುತ್ತದೆ. ಬೆನ್ನ ಮೇಲೆ ಇಪ್ಪತ್ತು ಕಿಲೋ ಹೊತ್ತು ಇದರಲ್ಲಿ ನಡೆದರೆ ಗಂಟೆಗೆ ಒಂದು ಕಿಲೋಮೀಟರ್ ಆದರೂ ಅದು ಒಳ್ಳೆಯ ವೇಗವೇ. ಮ್ಯಾಪ್ ನೋಡಿ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಅಂತ ಲೆಕ್ಕ ಹಾಕಬೇಡಿ, ಎಂಟು ನಡೆದ ದಿನ ಚೆನ್ನಾಗಿ ನಡೆದಿರಿ ಅಂತಲೇ ಅರ್ಥ. ಎರಡು ಕೋಲು ಇಟ್ಟುಕೊಳ್ಳಿ. ಶೂ ಒದ್ದೆಯಾಗದ ಹಾಗೆ ಒದ್ದಾಡಬೇಡಿ, ಮೊದಲ ಅರ್ಧ ಗಂಟೆಯಲ್ಲೇ ಒದ್ದೆಯಾಗುತ್ತದೆ. ಮಲಗೋಕೆ ಅಂತ ಒಂದು ಜೊತೆ ಉಣ್ಣೆ ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ, ಏನೇ ಆದರೂ ಹಗಲು ಅದನ್ನು ಹಾಕಿಕೊಳ್ಳಬೇಡಿ. ರಾತ್ರಿ ಒಣಗಿದ ಸಾಕ್ಸಿನಲ್ಲಿ ಕಾಲು ಬೆಚ್ಚಗಾದಾಗ ಇಡೀ ದಿನದ ದಣಿವು ಅರ್ಧ ಇಳಿಯುತ್ತದೆ.

ಹೊಳೆ ದಾಟುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನನಗೆ ಕರಡಿಗಿಂತ ಜಾಸ್ತಿ ಭಯ ಹೊಳೆಯದೇ. ನೀರು ಒಂದೇ ಕಡೆ ಕಿರಿದಾಗಿ ಓಡುವಲ್ಲಿ ಆಳ ಇರುತ್ತದೆ, ಹಲವು ಕವಲಾಗಿ ಅಗಲಕ್ಕೆ ಹರಡಿದಲ್ಲಿ ದಾಟಬೇಕು. ಬ್ಯಾಗಿನ ಸೊಂಟದ ಪಟ್ಟಿ, ಎದೆ ಪಟ್ಟಿ ಎರಡನ್ನೂ ಬಿಚ್ಚಿ, ಬಿದ್ದರೆ ತಕ್ಷಣ ಬ್ಯಾಗ್ ಕಳಚಿ ಬಿಡಬೇಕು. ಶೂ ಬಿಚ್ಚಿ ಬರಿಗಾಲಲ್ಲಿ ಇಳಿಯಬೇಡಿ. ರಾತ್ರಿ ಮಳೆ ಬಂದು ಹೊಳೆ ಏರಿದ್ದರೆ ಗೈಡ್ "ಇವತ್ತು ಇಲ್ಲೇ" ಅನ್ನಬಹುದು. ಆಗ ವಾದ ಮಾಡಬೇಡಿ. ಅವರಿಗೆ ನೀವು ದುಡ್ಡು ಕೊಟ್ಟಿರುವುದೇ ಆ ಮಾತು ಹೇಳಲಿಕ್ಕೆ ಅಲ್ವಾ?

ಗೈಡ್ ಅಂದರೆ ಕೂಲಿ ಅಲ್ಲ, ಅಡುಗೆಯವರೂ ಅಲ್ಲ. ಟೆಂಟ್, ಪಾತ್ರೆ, ದಿನಸಿ ಎಲ್ಲರೂ ಹಂಚಿಕೊಂಡು ಹೊರಬೇಕು. ನೀರು ತರುವುದು, ಪಾತ್ರೆ ತೊಳೆಯುವುದು ನಿಮ್ಮ ಪಾಲಿಗೂ ಬರುತ್ತದೆ. ದುಡ್ಡು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ: ಉದ್ಯಾನದಲ್ಲಿ ಕರೆದುಕೊಂಡು ಹೋಗಲು ಪರವಾನಗಿ ಇದೆಯಾ, ಗೈಡ್‌ಗೆ ಕಾಡಿನ ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯಾ, ಸ್ಯಾಟಲೈಟ್ ಸಂಪರ್ಕದ ಸಾಧನ ಇದೆಯಾ. ಹೆಲಿಕಾಪ್ಟರ್ ಅಥವಾ ವಿಮಾನದಲ್ಲಿ ರೋಗಿಯನ್ನು ಎತ್ತಿಕೊಂಡು ಬರುವ ಖರ್ಚು ಸೇರಿರುವ ಇನ್ಶೂರೆನ್ಸ್ ಮಾಡಿಸಿ. ಗೈಡ್‌ಗೆ ಕೊನೆಯಲ್ಲಿ ಟಿಪ್ಸ್ ಕೊಡುವ ರೂಢಿ ಅಲ್ಲಿ ಇದೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ, ಮೊಟ್ಟೆ ತಿನ್ನುತ್ತೀರಾ ಇಲ್ಲವಾ ಅನ್ನುವುದನ್ನೂ ಬಿಡಿಸಿ ಹೇಳಿ. ನಾನು ಸುಮ್ನೆ "ವೆಜಿಟೇರಿಯನ್" ಅಂತ ಬರೆದು ಕಳಿಸಿದ್ದೆ. ನಾಲ್ಕನೇ ದಿನದ ಸೂಪಿನ ಪೊಟ್ಟಣದ ಹಿಂದೆ ಓದಿದರೆ ಕೋಳಿ ಸಾರದ ಪುಡಿ ಇತ್ತು. ಅವತ್ತು ಕಾಪಾಡಿದ್ದು ನಾನು ಒಯ್ದಿದ್ದ ಗೊಜ್ಜವಲಕ್ಕಿ ಪುಡಿ ಮತ್ತು ತೆಳು ಅವಲಕ್ಕಿ. ಒಂದಿಷ್ಟು ಬಿಸಿನೀರು ಚಿಮುಕಿಸಿದರೆ ಊಟ ರೆಡಿ. ತೂಕ ಇಲ್ಲ, ಗ್ಯಾಸೂ ಉಳಿಯುತ್ತದೆ. ಜೊತೆಗಿದ್ದವರೂ ಕೇಳಿ ಹಾಕಿಸಿಕೊಂಡರು.

ತಿನ್ನುವ ವಸ್ತು ಮಾತ್ರ ಅಲ್ಲ, ಟೂತ್‌ಪೇಸ್ಟ್, ಸೋಪು, ತುಟಿಗೆ ಹಚ್ಚುವ ಮುಲಾಮು ಹೀಗೆ ವಾಸನೆ ಇರುವ ಎಲ್ಲವೂ ಕರಡಿ ತೆಗೆಯಲಾಗದ ಡಬ್ಬಿಯೊಳಗೆ ಹೋಗಬೇಕು. ಅಡುಗೆ ಮಾಡುವ ಜಾಗ ಟೆಂಟಿನಿಂದ ಸುಮಾರು ನೂರು ಹೆಜ್ಜೆ ದೂರ ಇರಲಿ. ಪೊದೆಗಳ ನಡುವೆ ನಡೆಯುವಾಗ ಜೋರಾಗಿ ಮಾತಾಡುತ್ತಾ ಹೋಗಿ. ಮನುಷ್ಯರು ಬರುತ್ತಿದ್ದಾರೆ ಅಂತ ಗೊತ್ತಾದರೆ ಕರಡಿ ಸಾಮಾನ್ಯವಾಗಿ ತಾನೇ ದೂರ ಸರಿಯುತ್ತದೆ. ಎದುರಾದರೆ ಓಡಬೇಡಿ, ಗುಂಪಾಗಿ ನಿಲ್ಲಿ.

ಯಾವ ತಿಂಗಳು ಹೋಗೋದು? ಜೂನ್ ಕೊನೆ, ಜುಲೈನಲ್ಲಿ ಸೊಳ್ಳೆ ವಿಪರೀತ. ತಲೆಗೆ ಹಾಕುವ ಬಲೆ ಇಲ್ಲದೆ ಒಂದು ತುತ್ತೂ ಬಾಯಿಗೆ ಹೋಗುವುದಿಲ್ಲ. ಆದರೆ ಜುಲೈ ಮೊದಲ ವಾರದವರೆಗೂ ಸೂರ್ಯ ಮುಳುಗುವುದೇ ಇಲ್ಲ, ರಾತ್ರಿ ಹನ್ನೊಂದಕ್ಕೂ ಬೆಟ್ಟದ ಮೇಲೆ ಬಂಗಾರದ ಬಿಸಿಲು. ನಿದ್ದೆಗೆ ಕಣ್ಣುಪಟ್ಟಿ ಒಯ್ಯಿರಿ. ಆಗಸ್ಟ್ ಮಧ್ಯ ಕಳೆದರೆ ಸೊಳ್ಳೆ ಕಡಿಮೆ, ನೆಲ ಪೂರ್ತಿ ಕೆಂಪು ಹಳದಿ, ಕತ್ತಲೆ ವಾಪಸ್ ಬಂದಿರುವುದರಿಂದ ಧ್ರುವಜ್ಯೋತಿ ಕಾಣುವ ಸಾಧ್ಯತೆಯೂ ಇದೆ. ನನ್ನನ್ನು ಕೇಳಿದರೆ ಆಗಸ್ಟ್. ಹಿಮ ಮಾತ್ರ ಯಾವ ತಿಂಗಳಲ್ಲೂ ಬೀಳಬಹುದು, ಬೆಚ್ಚಗಿನ ಜಾಕೆಟ್ ಬಿಡಬೇಡಿ.

ಇದು ಯಾರೂ ಇಲ್ಲದ ಜಾಗ ಅಂದುಕೊಳ್ಳಬೇಡಿ. ಅನಕ್ಟುವುಕ್ ಪಾಸ್ ಊರಿನ ನುನಾಮಿಯುತ್ ಎಂಬ ಮೂಲನಿವಾಸಿ ಜನ ಈಗಲೂ ಇಲ್ಲಿ ಕ್ಯಾರಿಬೂ (ಹಿಮಸಾರಂಗ) ಬೇಟೆಯಾಡಿ ಬದುಕುತ್ತಾರೆ. ಉದ್ಯಾನ ಆದದ್ದು 1980ರಲ್ಲಿ, ಅವರ ಹಿರಿಯರು ಅದಕ್ಕಿಂತ ಎಷ್ಟೋ ಮುಂಚಿನಿಂದ ಇದ್ದವರು. ಹಳೆಯ ಬಿಡಾರದ ಗುರುತೋ, ಜೋಡಿಸಿಟ್ಟ ಕಲ್ಲೋ, ಕೊಂಬೋ ಕಂಡರೆ ನೋಡಿ, ಮುಟ್ಟಬೇಡಿ, ಎತ್ತಿಕೊಂಡು ಬರಬೇಡಿ.

ಕೊನೆಯ ದಿನ ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಬಂದು ಬ್ಯಾಗ್ ಕಟ್ಟಿಕೊಳ್ಳಿ. ಎರಡು ದಿನದ ಹೆಚ್ಚುವರಿ ಊಟ ಮೊದಲೇ ಖಾಲಿ ಮಾಡಿರಬೇಡಿ. ಮೋಡ ಕವಿದಿದ್ದರೆ ನಾಳೆ ಬರಬಹುದು, ನಾಡಿದ್ದೂ ಆಗಬಹುದು. ವಿಮಾನದ ಸದ್ದು ಕಿವಿಗೆ ಬೀಳುವವರೆಗೆ ಟೆಂಟ್ ಒಂದನ್ನು ಮಾತ್ರ ಬಿಚ್ಚಬೇಡಿ.