ಮರದಚ್ಚಿನ ಚಿತ್ರ: ಮಸಿ ಹಚ್ಚುವಾಗ ಎಚ್ಚರ

ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಉಬ್ಬಿ ಉಳಿದ ಭಾಗಕ್ಕೆ ಮಸಿ ಹಚ್ಚಿ, ಕಾಗದ ಒತ್ತಿ ತೆಗೆಯುವುದೇ ಮರದಚ್ಚಿನ ಚಿತ್ರ. ವಾರಗಟ್ಟಲೆ ಕುಳಿತು ಅಚ್ಚುಕಟ್ಟಾಗಿ ಕೆತ್ತಿದ ಹಲಗೆಗೆ ಒಂದೇ ನಿಮಿಷದಲ್ಲಿ ಮಸಿ ಮೆತ್ತಿ, ಸಣ್ಣ ಗೆರೆಗಳನ್ನೆಲ್ಲ ಮುಚ್ಚಿಬಿಡುವ ಕಲಿಕೆಯವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದ್ದರಿಂದ ಇಲ್ಲಿ ಆ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮರವನ್ನು ಉದ್ದಕ್ಕೆ ಸೀಳಿದ ಹಲಗೆಯಲ್ಲಿ ಕೊರೆದರೆ ಅದು ವುಡ್‌ಕಟ್. ಅಡ್ಡಕ್ಕೆ ಕೊಯ್ದ ತುಂಡಿನ ಮೇಲೆ ಬ್ಯುರಿನ್ ಎಂಬ ಚೂಪು ಉಳಿಯಿಂದ ಗೀರಿದರೆ ವುಡ್ ಎನ್‌ಗ್ರೇವಿಂಗ್. ಅಡ್ಡ ಕೊಯ್ತದಲ್ಲಿ ನಾರು ಉಳಿಯನ್ನು ಎಳೆದೊಯ್ಯುವುದಿಲ್ಲವಾದ್ದರಿಂದ ಎತ್ತ ಬೇಕಾದರೂ ಕೂದಲೆಳೆಯಂಥ ಗೆರೆ ತೆಗೆಯಬಹುದು. ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ ಹಕ್ಕಿಯ ಗರಿಗಳನ್ನು, ಬಂಗಾಳದ ಹರೇನ್ ದಾಸ್ (1921–1993) ಹಳ್ಳಿಯ ಬೆಳಕು ನೆರಳನ್ನು ಮೂಡಿಸಿದ್ದು ಈ ಬಗೆಯಲ್ಲಿ. ಹೊಸಬರು ಮಾತ್ರ ವುಡ್‌ಕಟ್‌ನಿಂದಲೇ ಆರಂಭಿಸಬೇಕು. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರದ ಹಲಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಅದರ ನಾರು ನಯವಾದದ್ದು. ಅಗ್ಗದ ಪ್ಲೈವುಡ್ ಬೇಡ. ಉಳಿ ತಾಗಿದೊಡನೆ ಅದರ ಮೇಲ್ಪದರ ಸಿಬಿರೆದ್ದು ಕಿತ್ತುಬರುತ್ತದೆ.

ಚಿತ್ರವನ್ನು ಕಾರ್ಬನ್ ಹಾಳೆಯಿಟ್ಟು, ಎಡಬಲ ಅದಲುಬದಲಾಗುವಂತೆ ಹಲಗೆಗೆ ಇಳಿಸಿ. ಬಿಳಿಯಾಗಿ ಕಾಣಬೇಕಾದ ಜಾಗವನ್ನು ಸಾಣೆ ಹಿಡಿದ ಉಳಿಯಿಂದ ಕೊರೆಯಿರಿ. ಉಳಿಯ ಮುಂದೆ ಇನ್ನೊಂದು ಕೈ ಇರಲೇಕೂಡದು. ಉಳಿಸಿಕೊಳ್ಳುವ ಗೆರೆಯ ಬುಡ ತುದಿಗಿಂತ ಅಗಲವಾಗಿರಲಿ, ಇಲ್ಲದಿದ್ದರೆ ಉಜ್ಜುವಾಗ ಅದು ಮುರಿಯುತ್ತದೆ.

ಇನ್ನು ಮಸಿ. ಎಣ್ಣೆ ಬೆರೆತ ಮುದ್ರಣದ ಕಪ್ಪು ಮಸಿಯನ್ನೇ ಕೊಳ್ಳಿ. ಪೋಸ್ಟರ್ ಬಣ್ಣ ಸಾಕೆಂದು ಹೇಳುವವರ ಮಾತು ಕೇಳಬೇಡಿ. ಅದು ಕಾಗದ ಹಾಸುವ ಮೊದಲೇ ಒಣಗುತ್ತದೆ, ಅದರ ನೀರಿಗೆ ಮರದ ನಾರೂ ಏಳುತ್ತದೆ. ಅಂಗೈಯಗಲದ ಹಲಗೆಗೆ ಕಡಲೆಕಾಳಿನಷ್ಟು ಮಸಿಯನ್ನು ಗಾಜಿನ ಮೇಲಿಟ್ಟು, ರೋಲರನ್ನು ಉದ್ದಕ್ಕೂ ಅಡ್ಡಕ್ಕೂ ಉರುಳಿಸಿ, ಪ್ರತಿ ಸಲವೂ ಮೇಲೆತ್ತಿ ಮತ್ತೆ ಇಳಿಸಬೇಕು. ಮಸಿ ಹದಕ್ಕೆ ಬಂದದ್ದನ್ನು ಕಿವಿಯೇ ಹೇಳುತ್ತದೆ: ಹೆಚ್ಚಾಗಿದ್ದರೆ ಪಚಪಚ ಎನ್ನುತ್ತದೆ, ಸರಿಯಾಗಿದ್ದರೆ ರೇಷ್ಮೆ ಸೀರೆ ಸರಿದಾಡಿದಂತೆ ಸಣ್ಣಗೆ ಸರಸರ ಎನ್ನುತ್ತದೆ. ಗಾಜಿನ ಮೇಲಿನ ಮಸಿ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗಿ ಕಂಡರೆ ಸ್ವಲ್ಪ ಕೆರೆದು ತೆಗೆಯಿರಿ. ಬಳಿಕ ರೋಲರನ್ನು ಒತ್ತದೆ, ಅದರ ಭಾರಕ್ಕೇ ಬಿಟ್ಟು, ಹಲಗೆಗೆ ನಾಲ್ಕೈದು ತೆಳು ಪದರ ಹಚ್ಚಿ. ಒಣ ಮರ ಮಸಿ ಕುಡಿಯುವುದರಿಂದ ಮೊದಲ ಒಂದೆರಡು ಅಚ್ಚು ಪೇಲವವಾಗಿಯೇ ಬರುತ್ತವೆ. ಬಹಳ ಜನ ಎಡವುವುದು ಇಲ್ಲೇ: ಗಾಬರಿಯಿಂದ ದಪ್ಪಗೆ ಹಚ್ಚುತ್ತಾರೆ, ಮೂರನೆಯ ಅಚ್ಚಿಗೆ ಚಿತ್ರದಲ್ಲಿನ ಎಲೆಯ ನರಗಳಂಥ ಸಣ್ಣ ಗೆರೆಗಳೆಲ್ಲ ಕಪ್ಪು ಮುದ್ದೆಯಾಗುತ್ತವೆ. ಹಾಗಾದಲ್ಲಿ ಹೊಸ ಮಸಿ ಹಚ್ಚದೆ ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಎರಡು ಮೂರು ಅಚ್ಚು ತೆಗೆಯಿರಿ, ಉಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಎರಡು ಹನಿ ಅಡುಗೆ ಎಣ್ಣೆ ಮುಟ್ಟಿಸಿ ಬಿಡಿಸಿ, ಬಟ್ಟೆಯಿಂದ ಒತ್ತಿ ಒರೆಸಿ.

ತೆಳುವಾದ ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿನೆಡೆಗೆ ಉಜ್ಜಿ. ಒಂದು ಮೂಲೆಯನ್ನಷ್ಟೇ ಎತ್ತಿ ನೋಡಿ, ಪೇಲವವಾಗಿರುವ ಕಡೆ ಮತ್ತೆ ಉಜ್ಜಿ, ಆಮೇಲೆ ಕಾಗದವನ್ನು ನಿಧಾನವಾಗಿ ಬಿಡಿಸಿಕೊಳ್ಳಿ. ಎಣ್ಣೆಯ ಮಸಿ ಒಣಗಲು ಕೆಲವು ದಿನಗಳೇ ಬೇಕು. ಹಾಳೆಗಳನ್ನು ಒಂದರ ಮೇಲೊಂದು ಪೇರಿಸದೆ ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಡಿ, ಒಣಗಿದ ಮೇಲೆ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಅಚ್ಚಿನ ಸಂಖ್ಯೆ ಬರೆದು ಸಹಿ ಹಾಕಿ.